ಮಲ್ಲಿಗೆ ಗಿಡ ಹೂ ಬಿಡದ ಗೆಳೆಯನಿಗೊಂದು ಪತ್ರ

ಸಾಗರ
ಏಪ್ರಿಲ್ ಮೊದಲ ವಾರ

ಪ್ರೀತಿಯ ಸುಬ್ಬು,

ನೀನು ಕಳಿಸಿದ ಫೋಟೊ ನೋಡಿದೆ. ಮಲ್ಲಿಗೆ ಗಿಡ ಭಾರಿ ಜೋರಾಗಿದೆ ಮಾರಾಯ. ಎಲೆ ಅಂದ್ರೆ ಎಲೆ! ಒಂದು ಹುಳ ಇಲ್ಲ, ಒಂದು ಒಣಕಡ್ಡಿ ಇಲ್ಲ. "ಎರಡು ವರ್ಷದಿಂದ ಸಾಕುತ್ತಿದ್ದೇನೆ, ಹತ್ತು ಹೂವೂ ಬಿಟ್ಟಿಲ್ಲ" ಅಂತ ಬರೆದಿದ್ದೀಯಲ್ಲ, ಅದರ ಕೆಳಗೇ ನೀನೇ ಉತ್ತರವನ್ನೂ ಬರೆದಿದ್ದೀಯ. ದಿನಕ್ಕೆರಡು ಸಲ ನೀರು, ಹದಿನೈದು ದಿನಕ್ಕೊಮ್ಮೆ ಯೂರಿಯಾ, ಬಿಸಿಲು ಜಾಸ್ತಿ ಅಂತ ಮೇಲೆ ಹಸಿರು ಪರದೆ. ಹೊಸ ಅಳಿಯನನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಿದ್ದೀಯ. ಇಷ್ಟು ಸುಖವಾಗಿರುವ ಗಿಡಕ್ಕೆ ಹೂ ಬಿಡುವ ದರ್ದು ಏನಿದೆ ಹೇಳು?

ಫೋನಿನಲ್ಲಿ ಹೇಳಿದರೆ "ಹೂಂ ಹೂಂ" ಅಂದು ಮರೆತುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಇಲ್ಲಿ ಈಗ ಬಾವಿ ನೀರು ಇಳಿದಿದೆ. ಅಂಗಳದ ಮಣ್ಣು ಮುಟ್ಟಿದರೆ ಹುಡಿ. ದನಕ್ಕೆ ಹಸಿ ಹುಲ್ಲಿಲ್ಲ. ಆದರೆ ಹಿತ್ತಲಲ್ಲಿ ಹೂ ಮಾತ್ರ ಸಿಕ್ಕಾಪಟ್ಟೆ. ಬೇವಿನ ಮರ ಪೂರ್ತಿ ಹೂ. ಯುಗಾದಿಗೆ ಕೊಯ್ದು ಮುಗಿಯಲಿಲ್ಲ, ಈಗ ಬುಡದಲ್ಲಿ ಬೆಳ್ಳಗೆ ಉದುರುತ್ತಿದೆ. ದುಂಡುಮಲ್ಲಿಗೆ ಮೊದಲ ಸುತ್ತು ನಡೆದಿದೆ. ಒಂದು ಕುಡಿ ಹತ್ತಿರ ಹಿಡಿದು ನೋಡಬೇಕು ನೀನು. ತುದಿಯಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗು. ನಡುವಿನದು ದೊಡ್ಡದು, ಮೊದಲು ಬಿರಿಯುವುದು ಅದೇ. ಅಕ್ಕಪಕ್ಕದ ಎರಡು ಆಮೇಲೆ. ಬೆಳಗ್ಗೆ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ, ಪೂರಾ ಬಿಳಿಯೂ ಅಲ್ಲ, ಸ್ವಲ್ಪ ಹಸಿರು ಬೆರೆತ ಬಿಳಿ. ಸಂಜೆ ಹೊತ್ತಿಗೆ ಸಡಿಲವಾಗುತ್ತದೆ. ಕತ್ತಲಾದ ಮೇಲೆ ಅರಳುತ್ತದೆ. ರಾತ್ರಿ ಹಾರಾಡುವ ಪತಂಗಗಳನ್ನು ಕರೆಯುವುದಕ್ಕೆ ಇರುವ ವಾಸನೆ ಅದು. ನಾವು ಸುಮ್ನೆ ನಡುವೆ ಬಂದು ಮುಡಿದುಕೊಳ್ಳುತ್ತೇವೆ ಅಷ್ಟೇ.

ಮಲ್ಲಿಗೆಯಲ್ಲಿ ಹೂ ಯಾವಾಗಲೂ ಹೊಸ ಚಿಗುರಿನ ತುದಿಯಲ್ಲೇ ಬರುವುದು. ಇದೊಂದು ನೆನಪಿಟ್ಟುಕೋ, ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಹಳೇ ಕಡ್ಡಿ ಎಷ್ಟೇ ಉದ್ದ ಇರಲಿ, ಅದು ಎಲೆ ಹೊತ್ತುಕೊಂಡು ನಿಂತಿರುತ್ತದೆ, ಬೇರೇನೂ ಮಾಡುವುದಿಲ್ಲ. ಅದಕ್ಕೇ ನಮ್ಮಮ್ಮ ಡಿಸೆಂಬರ್ ಬಂತೆಂದರೆ ಕತ್ತಿ ಹಿಡಿದು ಇಳಿಯುತ್ತಾಳೆ. ಮೊದಲು ಒಂದಷ್ಟು ದಿನ ನೀರು ಬಂದ್. ಆಮೇಲೆ ಮೊಣಕಾಲೆತ್ತರಕ್ಕೆ ಸವರುತ್ತಾಳೆ. ಉಳಿದ ಎಲೆಯನ್ನೂ ಕೈಯಿಂದ ಬಿಡಿಸಿ ಹಾಕುತ್ತಾಳೆ. ನೋಡಿದವರು "ಅಯ್ಯೋ, ಗಿಡ ಸತ್ತೇ ಹೋಯಿತು" ಅನ್ನಬೇಕು, ಹಾಗೆ. ಜನವರಿಯಲ್ಲಿ ಬುಡ ಕೆದಕಿ ಕೊಟ್ಟಿಗೆ ಗೊಬ್ಬರ ಕೊಟ್ಟು ನೀರು ಶುರು ಮಾಡಿದರೆ ಕಡ್ಡಿ ಕಡ್ಡಿಯಲ್ಲೂ ಚಿಗುರು. ಮಾರ್ಚಿಗೆ ಮೊಗ್ಗು.

ಇದನ್ನು ಅಚ್ಚುಕಟ್ಟಾಗಿ ಮಾಡುವವರು ಉಡುಪಿ ಕಡೆಯವರು. ಕಟಪಾಡಿಯಿಂದ ಒಳಗೆ ಶಂಕರಪುರ ಅಂತ ಊರಿದೆಯಲ್ಲ, ಅಲ್ಲಿ ಮನೆ ಮುಂದಿನ ಅಂಗಳವೇ ಮಲ್ಲಿಗೆ ತೋಟ. ಎಕರೆಗಟ್ಟಲೆ ಏನಿಲ್ಲ, ಸಣ್ಣ ಸಣ್ಣ ಹಿಡುವಳಿ. ಬೆಳಕು ಹರಿಯುವ ಮೊದಲೇ ಮನೆಮಂದಿ ಮೊಗ್ಗು ಬಿಡಿಸಲು ಇಳಿಯುತ್ತಾರೆ, ಆಮೇಲೆ ಜಗುಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಅವರ ಲೆಕ್ಕ ಮೊಳ, ಮಾರಿನಲ್ಲಿ ಅಲ್ಲ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3200 ಹೂ! ಪ್ರತಿ ದಿನ ಬೆಳಗ್ಗೆ ಅಟ್ಟೆಗೆ ದರ ಕಟ್ಟುತ್ತಾರೆ. ಮುಂಬೈಗೆ, ಗಲ್ಫಿಗೆ ಎಲ್ಲ ಹೋಗುತ್ತದೆ ಆ ಹೂ. ಉಡುಪಿ ಮಲ್ಲಿಗೆಗೆ, ಮೈಸೂರು ಮಲ್ಲಿಗೆಗೆ, ಹಡಗಲಿ ಮಲ್ಲಿಗೆಗೆ ಮೂರಕ್ಕೂ ಜಿಐ ಟ್ಯಾಗ್, ಅಂದರೆ ಆಯಾ ಊರಿನ ಹೆಸರಿಗೆ ಸಿಗುವ ಸರ್ಕಾರಿ ಮಾನ್ಯತೆ, ಇದೆ. ಆದರೆ ನನ್ನ ಕೇಳಿದರೆ ದೊಡ್ಡ ಸಂಗತಿ ಟ್ಯಾಗ್ ಅಲ್ಲ. ಆ ಊರಿನ ಎಷ್ಟೋ ಹೆಂಗಸರು ಈ ಅಂಗಳದ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟಿದ್ದಾರೆ. ಅಂಥವರು ಗಿಡವನ್ನು ನಿನ್ನ ಹಾಗೆ ಮುದ್ದು ಮಾಡುವುದಿಲ್ಲ. ವರ್ಷ ವರ್ಷ ಸವರುತ್ತಾರೆ.

ಮಲ್ಲಿಗೆ ಒಂದೇ ಅಲ್ಲ, ಈ ಹೊತ್ತಿನಲ್ಲಿ ಹೂ ಬಿಡುವ ಬಹಳಷ್ಟು ಗಿಡಗಳ ಕತೆ ಇದೇ. ಕಾಫಿ ನೋಡು. ನಮ್ಮ ಅಡಿಕೆ ತೋಟದ ನಡುವೆ ಮನೆಖರ್ಚಿಗೆ ಅಂತ ಒಂದಷ್ಟು ಗಿಡ ಇವೆಯಲ್ಲ. ಚಳಿಗಾಲ ಮುಗಿಯುವಷ್ಟರಲ್ಲಿ ಗೆಣ್ಣು ಗೆಣ್ಣಿನಲ್ಲೂ ಮೊಗ್ಗು ಕಟ್ಟಿಕೊಂಡು ಹಾಗೇ ನಿದ್ದೆ ಹೋಗಿರುತ್ತದೆ. ಒಣಗಬೇಕು, ಬಾಯಾರಬೇಕು, ಆಮೇಲೆ ಒಂದು ಮಳೆ ಬೀಳಬೇಕು. ಅದಕ್ಕೇ ಆ ಮಳೆಗೆ ಹೂಮಳೆ ಅನ್ನುವುದು. ಒಂದು ಇಂಚು ಸರಿಯಾಗಿ ಹೊಯ್ದರೆ ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ. ಎರಡು ಮೂರು ದಿನದ ವೈಭವ, ಮುಗಿಯಿತು. ಹನಿ ಹಾಕಿ ಓಡಿಹೋದರೆ ಮೊಗ್ಗು ಅರ್ಧಂಬರ್ಧ ಬಿರಿದು ಕರಟಿಹೋಗುತ್ತದೆ. ಚಿಕ್ಕಮಗಳೂರು, ಕೊಡಗಿನವರು ಮಾರ್ಚಿನಲ್ಲಿ ಆಕಾಶ ನೋಡುತ್ತಾ ನಿಲ್ಲುವುದು ಸುಮ್ಮನೆ ಅಲ್ಲ. ಈ ಸಲ ನಮಗೆ ಹೂಮಳೆ ಆಯಿತು. ವಾಸನೆಗೆ ಜೇನ್ನೊಣಗಳ ಗದ್ದಲ ಮನೆ ಒಳಗಿನವರೆಗೂ ಕೇಳುತ್ತಿತ್ತು.

ಕಾಗದದ ಹೂವೂ ಹಾಗೇ. ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ಇದೆಯಲ್ಲ, ಬೋಗನ್‌ವಿಲ್ಲಾ. ವಾಚ್‌ಮನ್ ನೀರು ಹಾಕುವುದನ್ನು ಮರೆತ ವರ್ಷ ಅದು ಚೆನ್ನಾಗಿ ಬಿಡುತ್ತದೆ, ಬೇಕಾದರೆ ಗಮನಿಸು. ಅದರ ಗುಲಾಬಿ ಬಣ್ಣದ್ದು ಎಸಳಲ್ಲ, ಬಣ್ಣ ಬಂದ ಎಲೆ. ಒಳಗೆ ಸಣ್ಣ ಕೊಳವೆ ಹಾಗೆ ಬಿಳಿ ಬಿಳಿ ಇರುತ್ತದಲ್ಲ, ನಿಜವಾದ ಹೂ ಅದು. ನಿನ್ನ ಮಗಳಿಗೆ ತೋರಿಸು, ಖುಷಿಪಡುತ್ತಾಳೆ.

ಬಾವಿಕಟ್ಟೆ ಹತ್ತಿರದ ಮೇ ಹೂವಿನ ಗಡ್ಡೆಗಳು ಇನ್ನೂ ಎದ್ದಿಲ್ಲ. ಚಳಿಗಾಲದಲ್ಲಿ ಎಲೆ ಸಮೇತ ಮಾಯವಾಗಿ, ಅಲ್ಲೊಂದು ಗಿಡ ಇದೆ ಅನ್ನುವುದೇ ಮರೆತುಹೋಗುತ್ತದೆ. ಏಪ್ರಿಲ್ ಕೊನೆಗೆ ಬರುವ ಭರಣಿ ಮಳೆಯ ಹೊತ್ತಿಗೆ ಬರೀ ನೆಲದಿಂದ ಒಂದು ದಂಟು, ಅದರ ತಲೆಯ ಮೇಲೆ ಕೆಂಪು ಚೆಂಡು. ಎಲೆ ಬರುವುದು ಆಮೇಲೆ. ಮೂಲ ಆಫ್ರಿಕಾ ಅಂದರೆ ಅಮ್ಮ ನಂಬುವುದಿಲ್ಲ, "ನನ್ನ ಅಜ್ಜಿ ಮನೆಯಿಂದ ತಂದದ್ದು" ಅನ್ನುತ್ತಾಳೆ. ಎರಡೂ ನಿಜ ಇರಬಹುದು ಬಿಡು. ನಿನಗೆ ಎರಡು ಗಡ್ಡೆ ತೆಗೆದಿಡುತ್ತೇನೆ. ಆದರೆ ಗಡ್ಡೆ ವಿಷ, ಮಗು ಬಾಯಿಗೆ ಹಾಕದ ಹಾಗೆ ನೋಡಿಕೋ.

ಬೆಂಗಳೂರಿನಲ್ಲಿ ಹೂ ಎಲ್ಲಿದೆ ಅಂತ ಗೊಣಗಬೇಡ. ಫೆಬ್ರವರಿ, ಮಾರ್ಚಿನಲ್ಲಿ ನಿಮ್ಮ ರಸ್ತೆಗಳೆಲ್ಲ ಗುಲಾಬಿ ಬಣ್ಣವಾಗಿ ಎಲ್ಲರೂ ಫೋಟೊ ಹಾಕುತ್ತಾರಲ್ಲ, ಆ ಟಬೂಬಿಯಾ ಮರವೂ ಎಲೆ ಉದುರಿಸಿಕೊಂಡೇ ಹೂ ಬಿಡುವುದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್, ವರ್ಷವಿಡೀ ಒಂದಾದ ಮೇಲೆ ಒಂದು ಮರ ಹೂ ಬಿಡುವ ಹಾಗೆ ಬೀದಿಗಳಿಗೆ ಮರ ಆರಿಸಿದ. 1980ರ ದಶಕದಲ್ಲಿ ಅರಣ್ಯ ಅಧಿಕಾರಿ ನೇಗಿನಹಾಳ ಅವರು ಲಕ್ಷಗಟ್ಟಲೆ ಗಿಡ ನೆಡಿಸಿದರು. ನಿನಗೆ ಪುಕ್ಕಟೆ ಸಿಕ್ಕಿದೆ, ಅದಕ್ಕೇ ಬೆಲೆಯಿಲ್ಲ.

ಈಗ ಸುರಗಿ ವಿಷಯ. ನೀನು ಪ್ರತಿ ಸಲ ಮೇ ರಜೆಗೆ ಬರುತ್ತೀಯ, ಅಷ್ಟರಲ್ಲಿ ಅದು ಮುಗಿದಿರುತ್ತದೆ. ಮನೆ ಹಿಂದಿನ ಬ್ಯಾಣದ (ಹುಲ್ಲುಗಾವಲಿನ) ಅಂಚಿನ ಮರ ನೋಡಿದ್ದೀಯ, ಹೂ ನೋಡಿಲ್ಲ. ದಪ್ಪ ಎಲೆಯ, ಏನೂ ವಿಶೇಷವಿಲ್ಲದ ಮರ. ಅದಕ್ಕೆ ಯಾರೂ ಒಂದು ಚೊಂಬು ನೀರು ಹಾಕಿದವರಲ್ಲ. ಫೆಬ್ರವರಿ ಕಳೆದ ಮೇಲೆ ಎಲೆ ಉದುರಿದ ಬರೀ ಕೊಂಬೆಯ ಗೆಣ್ಣುಗಳಲ್ಲಿ ಗೊಂಚಲು ಗೊಂಚಲು ಮೊಗ್ಗು ಕಟ್ಟುತ್ತದೆ, ಕೊತ್ತಂಬರಿ ಕಾಳಿಗಿಂತ ತುಸು ದೊಡ್ಡದು. ಬಿರಿದರೆ ನಾಲ್ಕು ಬಿಳಿ ಎಸಳು, ನಡುವೆ ಹಳದಿ ಕೇಸರದ ರಾಶಿ. ಆದರೆ ಬಿರಿಯಲು ಬಿಟ್ಟರೆ ಕೆಲಸ ಕೆಟ್ಟಿತು, ಎಸಳು ಉದುರಿಹೋಗುತ್ತದೆ. ಹಾಗಾಗಿ ನಸುಕಿನಲ್ಲೇ ಮರ ಹತ್ತಬೇಕು. ಕೆಳಗೆ ಹಳೇ ಸೀರೆ ಹಾಸಿ ಮೊಗ್ಗು ಉದುರಿಸಬೇಕು. ಸ್ವಲ್ಪ ತಡವಾದರೆ ಜೇನು ಬಂದು ಕೂತಿರುತ್ತದೆ, ಆಮೇಲೆ ಮರದ ಹತ್ತಿರ ಹೋಗುವ ಧೈರ್ಯ ನನಗಂತೂ ಇಲ್ಲ. ನಮ್ಮತ್ತಿಗೆಗೆ ಇದೆ.

ಸುರಗಿಯ ಹೆಚ್ಚುಗಾರಿಕೆ ಏನೆಂದರೆ ಒಣಗಿದ ಮೇಲೂ ಪರಿಮಳ ಬಿಡುವುದಿಲ್ಲ. ಮಲ್ಲಿಗೆ ಒಂದು ರಾತ್ರಿ, ಮಾರನೇ ದಿನ ಕಂದು. ಇದು ಕಂದಾದ ಮೇಲೂ ವರ್ಷಗಟ್ಟಲೆ ಘಮಘಮ. ರಂಜದ, ಅಂದರೆ ಬಕುಳದ, ಹೂವಿಗೂ ಆ ಗುಣ ಇದೆ, ಆದರೆ ಸುರಗಿಯಷ್ಟು ಇಲ್ಲ. ರಂಜದ ಹೂ ಇಷ್ಟಪಡುವವರು ಜಗಳಕ್ಕೆ ಬಂದರೂ ನನ್ನ ಮಾತು ಇದೇ. ಅಮ್ಮನ ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆ ನಡುವೆ ಒಂದು ಸರ ಇದೆ. ಯಾವ ಕಾಲದ್ದೋ, ಮುಟ್ಟಿದರೆ ಪುಡಿ ಆಗುತ್ತದೆ, ವಾಸನೆ ಇನ್ನೂ ಇದೆ.

ಸರಿ, ನಿನ್ನ ಗಿಡಕ್ಕೆ ಬರೋಣ. ಮೊದಲು ಆ ಹಸಿರು ಪರದೆ ಬಿಚ್ಚಿ ಹಾಕು. ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು, ನಿನ್ನ ಬಾಲ್ಕನಿಯಲ್ಲಿ ಬಿಸಿಲು ಬರುವ ಮೂಲೆಗೆ ಕುಂಡ ಜರುಗಿಸು. ಯೂರಿಯಾ ನಿಲ್ಲಿಸು, ಅದು ಎಲೆ ಕೊಡುತ್ತದೆ, ಹೂ ಕೊಡುವುದಿಲ್ಲ. ಈಗ ಏಪ್ರಿಲ್ ಬಿಸಿಲಿನಲ್ಲಿ ಬುಡದವರೆಗೆ ಸವರಬೇಡ, ಕುಂಡದ ಗಿಡ ತಡೆಯಲಿಕ್ಕಿಲ್ಲ. ಪ್ರತಿ ಕೊಂಬೆಯ ತುದಿ ಒಂದು ಗೇಣು ಕತ್ತರಿಸಿ, ಒಳಗಿನ ಹಳೇ ಎಲೆ ಒಂದಷ್ಟು ಬಿಡಿಸು. ನೀರು ಹಾಕುವ ಮೊದಲು ಮಣ್ಣಿಗೆ ಬೆರಳು ಚುಚ್ಚಿ ನೋಡು. ಒಣಗಿದ್ದರೆ ಹಾಕು, ಹಸಿ ಇದ್ದರೆ ಕೈಕಟ್ಟಿ ಕೂತ್ಕೋ. ಎಲೆ ಸ್ವಲ್ಪ ಬಾಡಿದರೆ ಗಾಬರಿಯಾಗಿ ಬಕೆಟ್ ಎತ್ತಬೇಡ, ಅಲ್ವಾ? ಚಿಗುರು ಶುರುವಾದ ಮೇಲೆ ಕಡಲೆ ಹಿಂಡಿ ನೆನೆಸಿ ತಿಳಿ ಮಾಡಿದ ನೀರು, ಜೊತೆಗೆ ಒಂದು ಹಿಡಿ ಬೂದಿ. ಬೂದಿ ನಿಮ್ಮಲ್ಲಿ ಸಿಗುವುದಿಲ್ಲ, ನಾನೇ ಕಟ್ಟಿ ಕಳಿಸುತ್ತೇನೆ. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಒಣಗತೊಡಗಿದರೆ ಹುಳ ಅಂತ ಅರ್ಥ. ಅಂಥದ್ದನ್ನು ಕಿತ್ತು ದೂರ ಎಸೆ, ಬೇವಿನೆಣ್ಣೆ ಸಿಂಪಡಿಸು.

ಒಂದೂವರೆ ತಿಂಗಳಿನಲ್ಲಿ ಒಂದು ಸುತ್ತು ಬರಬೇಕು. ದೊಡ್ಡ ಸವರುವಿಕೆ ಡಿಸೆಂಬರಿಗೆ. ಅದನ್ನು ನೀನು ಮಾಡುವುದಿಲ್ಲ, ನನಗೆ ಗೊತ್ತು, ಕತ್ತರಿ ಹಿಡಿದು ನಿಂತು ಗಿಡದ ಜೊತೆ ಮಾತಾಡಿ ವಾಪಸ್ ಬರುತ್ತೀಯ. ಆಗ ತಮ್ಮನ ಮಗನ ಅಡ್ಮಿಷನ್ ಕೆಲಸಕ್ಕೆ ನಾನು ಅಲ್ಲಿಗೆ ಬರುವುದಿದೆ. ನಾನೇ ಮಾಡಿ ಹೋಗುತ್ತೇನೆ. ನೀನು ಆವತ್ತು ಆಫೀಸಿಗೆ ಹೋಗಿರು, ಮನೆಯಲ್ಲಿ ಇರಬೇಡ.

ಅತ್ತಿಗೆ ಈ ಸಲ ಒಣಗಿಸಿದ ಸುರಗಿಯಲ್ಲಿ ಎರಡು ಸರ ನಿಮ್ಮಮ್ಮನಿಗೆ ಅಂತ ತೆಗೆದಿಟ್ಟಿದ್ದಾಳೆ. ಕೊರಿಯರ್ ಮಾಡಬೇಕು, ಹೊಸ ಮನೆಯ ಪಿನ್‌ಕೋಡ್ ಕಳಿಸು. ಹೋದ ಸಲ ಕಳಿಸಿದ್ದು ಹಳೇ ಮನೆಯದು.

ನಿನ್ನ,
ಗೆಳೆಯ