ಶಾಲಾ ಸಮಯದಲ್ಲಿ ಅಂತರವಿರಲಿ

ಮಾನ್ಯರೇ,

ಬಳ್ಳಾರಿಯ ಮೋಕಾ ರಸ್ತೆಯಲ್ಲಿ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವುದು ಪೋಷಕರಿಗೆ ದಿನನಿತ್ಯದ ಸಾಹಸವಾಗಿದೆ. ಎಲ್ಲ ತರಗತಿಗಳೂ ಒಂದೇ ಗಂಟೆಗೆ ಆರಂಭವಾಗುವುದರಿಂದ ಆಟೊ, ಶಾಲಾ ಬಸ್ಸು, ಸ್ಕೂಟರ್, ಕಾರುಗಳೆಲ್ಲ ಒಟ್ಟಿಗೆ ಗೇಟಿನ ಮುಂದೆ ಬಂದು ನಿಲ್ಲುತ್ತವೆ. ಮಗಳನ್ನು ಸ್ಕೂಟರ್‌ನಿಂದ ಇಳಿಸಿ, ಅವಳ ಬ್ಯಾಗು ಹೆಗಲಿಗೇರಿಸುವಷ್ಟರಲ್ಲಿ ಹಿಂದಿನವರ ಹಾರ್ನ್ ಕಿವಿಗಡಚಿಕ್ಕುತ್ತದೆ. ಐದು ನಿಮಿಷ ತಡವಾದರೆ ಮಗುವಿಗೆ ಹೊರಗೆ ನಿಲ್ಲುವ ಶಿಕ್ಷೆ. ಆ ಭಯಕ್ಕೇ ಅನೇಕರು ವಿರುದ್ಧ ದಿಕ್ಕಿನಲ್ಲಿ ನುಗ್ಗುತ್ತಾರೆ. ಅವಸರದಲ್ಲಿ ನಾನೂ ಒಮ್ಮೆ ನುಗ್ಗಿದ್ದೇನೆ, ಸುಳ್ಳು ಹೇಳಲಾರೆ.

ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಪ್ರಕಾರ ದ್ವಿಚಕ್ರ ವಾಹನದಲ್ಲಿ ಕೂರುವ 4 ವರ್ಷ ಮೀರಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. ಆದರೆ ಮೂರು ಮಕ್ಕಳನ್ನು ಕೂರಿಸಿಕೊಂಡು ಬರುವ ಸ್ಕೂಟರ್‌ನಲ್ಲಿ ಓಡಿಸುವವರ ತಲೆಯ ಮೇಲೂ ಅದು ಕಾಣುವುದಿಲ್ಲ.

ಪ್ರಾಥಮಿಕ ಹಾಗೂ ಪ್ರೌಢಶಾಲಾ ತರಗತಿಗಳ ನಡುವೆ ಆರಂಭದ ಸಮಯದಲ್ಲೂ ಬಿಡುವ ಸಮಯದಲ್ಲೂ ಕನಿಷ್ಠ 20 ನಿಮಿಷಗಳ ಅಂತರವಿಡುವಂತೆ ಶಿಕ್ಷಣ ಇಲಾಖೆ ಶಾಲೆಗಳಿಗೆ ಸೂಚಿಸಲಿ. ಆ ಹೊತ್ತಿನಲ್ಲಿ ಗೇಟಿನ ಬಳಿ ಒಬ್ಬ ಸಂಚಾರ ಪೊಲೀಸರನ್ನು ನಿಯೋಜಿಸಬೇಕು.

– ಒಬ್ಬ ಪೋಷಕಿ, ಗಾಂಧಿನಗರ, ಬಳ್ಳಾರಿ