ಘರಾನಾ ಗಂಡಸರ ಆಸ್ತಿಯಲ್ಲ

ಮಾನ್ಯ ಸಂಪಾದಕರೇ,

2020ರಲ್ಲಿ ಬಂದ ಹಿಂದಿ ವೆಬ್ ಸರಣಿ 'ಬಂದಿಶ್ ಬ್ಯಾಂಡಿಟ್ಸ್' ಜೋಧಪುರದ ರಾಠೋಡ್ ಮನೆತನದ ಸಂಗೀತವನ್ನು ತಾತನಿಂದ ಮೊಮ್ಮಗನಿಗೆ ಇಳಿಯುವ ಆಸ್ತಿಯಂತೆ ತೋರಿಸಿತು. ಪಾಪ್ ಹಾಡಲು ಮೊಮ್ಮಗ ರಾಧೆ ಮುಖವಾಡ ತೊಡುತ್ತಾನೆ. ಸೊಸೆ ಮೋಹಿನಿಯದು ಮದುವೆಯ ನಂತರ ಹಾಡು ನಿಂತ ಬದುಕು. 2024ರ ಎರಡನೇ ಭಾಗದಲ್ಲಷ್ಟೇ ಆಕೆಯ ಕಂಠಕ್ಕೆ ಸರಿಯಾದ ಜಾಗ ಸಿಕ್ಕಿತು. ಇಷ್ಟು ತಡವೇಕೆ?

ಹಿಂದುಸ್ತಾನಿ ಸಂಗೀತದ ಗಾಯನ ಪರಂಪರೆಗಳಾದ ಘರಾನಾಗಳು ರಕ್ತಸಂಬಂಧದಿಂದಷ್ಟೇ ಬೆಳೆದವಲ್ಲ. ಅಲ್ಲಾದಿಯಾ ಖಾನರ ಜೈಪುರ-ಅತ್ರೌಲಿ ಶೈಲಿಯನ್ನು ಅವರ ಶಿಷ್ಯೆಯರಾದ ಕೇಸರಬಾಯಿ ಕೇರ್ಕರ್, ಮೋಗುಬಾಯಿ ಕುರ್ಡೀಕರ್ ಮುಂದಕ್ಕೆ ಒಯ್ದರು. ಕಿರಾನಾ ಘರಾನಾದ ಗಂಗೂಬಾಯಿ ಹಾನಗಲ್ ಅವರ ತುಂಬು ದನಿ ಕೇಳಿದವರಿಗೆ ಗಂಡುಕಂಠ, ಹೆಣ್ಣುಕಂಠ ಎಂಬ ಗೆರೆ ಎಷ್ಟು ತೆಳುವೆಂದು ಗೊತ್ತು. ನಿರ್ಮಾಪಕರು ಸಂಗೀತ ಬಲ್ಲವರನ್ನು ಧ್ವನಿಮುದ್ರಣಕ್ಕೆ ಕರೆದರೆ ಸಾಲದು, ಪಾತ್ರಗಳನ್ನು ಬರೆಯುವಾಗಲೇ ಜೊತೆಗೆ ಕೂರಿಸಿಕೊಳ್ಳಲಿ.

– ಸಂಗೀತಾಸಕ್ತರು