ಭಾನುವಾರಕ್ಕೆ ಒಂದೇ ಒಂದು ನೋಡು

ಸಾಗರ ತಾಲ್ಲೂಕು
ಕಾರ್ತಿಕ ಮಾಸ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಹೋದ ಮಾರನೇ ದಿನದಿಂದ ಮಳೆ ಪೂರ್ತಿ ಬಿಟ್ಟಿದೆ. ನಿನ್ನೆ ಅಡಿಕೆ ಕೊನೆ ಇಳಿಸುವ ಕೊನೆಗಾರ ಬಂದು ತೋಟ ಸುತ್ತಿ ಹೋದ. ಇನ್ನು ಹದಿನೈದು ದಿನಕ್ಕೆ ಕೊಯ್ಲು ಶುರು. ಆಮೇಲೆ ಕಾಗದ ಬರೆಯೋಕೆ ಪುರುಸೊತ್ತು ಸಿಗೋದಿಲ್ಲ ಅಂತ ಇವತ್ತೇ ಕೂತಿದ್ದೇನೆ.

ದೀಪಾವಳಿ ರಾತ್ರಿ ಜಗಲಿಯಲ್ಲಿ ಎಲ್ಲರೂ ಕೂತಿದ್ದಾಗ ನೀನೊಂದು ಮಾತು ಹೇಳಿದೆ. "ಬೆಂಗಳೂರಲ್ಲಿ ನೋಡೋಕೆ ಏನಿದೆ ದೊಡ್ಡಪ್ಪ? ಟ್ರಾಫಿಕ್ಕು, ಮಾಲು, ಮತ್ತೆ ಟ್ರಾಫಿಕ್ಕು." ಎಲ್ಲರೂ ನಕ್ಕರು. ನಾನು ಸುಮ್ಮನಿದ್ದೆ. ಹಬ್ಬದ ದಿನ ವಾದ ಬೇಡ ಅನ್ನಿಸಿತು. ಆದರೆ ಆ ಮಾತು ಮನಸ್ಸಿನಿಂದ ಹೋಗಲೇ ಇಲ್ಲ. ಯಾಕೆಂದರೆ ನಿನ್ನ ವಯಸ್ಸಿನಲ್ಲಿ ನಾನೂ ಹೀಗೇ ಅಂದುಕೊಂಡು ಎರಡು ವರ್ಷ ಕಳೆದುಕೊಂಡೆ.

ನಾನು 1984ರಿಂದ ನಾಲ್ಕು ವರ್ಷ ಕಾಟನ್‌ಪೇಟೆಯ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕಿದ್ದೆ, ನಿನಗೆ ಗೊತ್ತು. ಅಲ್ಲೇ ಹಿಂದಿನ ಬೀದಿಯಲ್ಲಿ ಮೂವರು ಸೇರಿ ಒಂದು ರೂಮು. ವಾರಪೂರ್ತಿ ಸೀಸದ ಅಕ್ಷರ. ಭಾನುವಾರ ಬಂದರೆ ಬಟ್ಟೆ ಒಗೆಯೋದು, ಮಲಗೋದು, ಊರಿಗೆ ಯಾವಾಗ ಹೋಗೋದು ಅಂತ ಕ್ಯಾಲೆಂಡರ್ ನೋಡೋದು. ಊರು ಬಿಟ್ಟು ಬಂದ ಸಂಕಟದಲ್ಲಿ, ಇರುವ ಊರನ್ನು ಕಣ್ಣೆತ್ತಿ ನೋಡಲಿಲ್ಲ. ಆ ಎರಡು ವರ್ಷ ನೆನೆದರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ.

ಒಂದು ದಿನ ಪ್ರೂಫ್ ಕೊಟ್ಟು ಬರೋಕೆ ಅಂತ ಮಾಲೀಕರು ಕಸ್ತೂರಬಾ ರಸ್ತೆಯ ಕಡೆ ಕಳಿಸಿದರು. ವಾಪಸ್ ಬರುವಾಗ ಜೋರು ಮಳೆ. ಎದುರಿಗೇ ಕೆಂಪು ಕಟ್ಟಡ, ಸರ್ಕಾರಿ ವಸ್ತು ಸಂಗ್ರಹಾಲಯ. ಸುಮ್ನೆ ಮಳೆ ನಿಲ್ಲುವ ತನಕ ಇರೋಣ ಅಂತ ಟಿಕೆಟ್ ತಗೊಂಡು ಒಳಗೆ ಹೋದೆ. 1865ರಲ್ಲಿ ಶುರುವಾದ ಮ್ಯೂಸಿಯಂ ಅದು. ಅಲ್ಲಿ ಒಂದು ಕಲ್ಲಿನ ಎದುರು ನಿಂತವನು ಮಳೆ ನಿಂತರೂ ಹೊರಡಲಿಲ್ಲ.

ಆತಕೂರಿನ ಕಲ್ಲು ಅಂತ ಅದಕ್ಕೆ ಹೆಸರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ್ದು. ಕಲ್ಲಿನ ಮೇಲೆ ರಾಜನಿಲ್ಲ, ಕುದುರೆ ಇಲ್ಲ. ಒಂದು ನಾಯಿ, ಒಂದು ಕಾಡುಹಂದಿ ಕಾದಾಡುತ್ತಿವೆ. ಅಷ್ಟೇ. ಉಳಿದ ಜಾಗದಲ್ಲೆಲ್ಲ ಅಕ್ಷರ. ಮೊಳೆ ಜೋಡಿಸುವವನ ಕಣ್ಣು ನೋಡು, ಮೊದಲು ಹೋಗಿದ್ದೇ ಅಕ್ಷರದ ಮೇಲೆ. ಹಳಗನ್ನಡ, ಅದೂ ಸಾವಿರ ವರ್ಷಕ್ಕಿಂತ ಹಿಂದಿನ ಲಿಪಿ. ಓದೋಕೆ ಬರಲಿಲ್ಲ. ಆದರೂ ನೋಡ್ತಾ ನೋಡ್ತಾ ನಾಲ್ಕೈದು ಅಕ್ಷರ ಗುರುತು ಸಿಕ್ಕವು. ದಿನಾ ನನ್ನ ಬೆರಳಿಗೆ ಸಿಗುವ ಅಕ್ಷರಗಳ ಅಜ್ಜಂದಿರು ಇವರು ಅನ್ನಿಸಿ ಮೈ ಜುಮ್ಮೆಂದಿತು.

ಅಲ್ಲಿದ್ದ ವಯಸ್ಸಾದ ಕಾವಲುಗಾರರು ನನ್ನನ್ನು ನೋಡಿ ಹತ್ತಿರ ಬಂದು ಕಥೆ ಹೇಳಿದರು. ಕ್ರಿ.ಶ. 949ರ ಹೊತ್ತಿಗೆ ತಕ್ಕೋಲಂನಲ್ಲಿ ದೊಡ್ಡ ಯುದ್ಧ. ಒಂದು ಕಡೆ ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಬೂತುಗ, ಇನ್ನೊಂದು ಕಡೆ ಚೋಳರ ರಾಜಾದಿತ್ಯ. ಬೂತುಗನ ಕಡೆಯ ಮಣಲೇರ ಅನ್ನುವ ವೀರ ಆ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ಏನು ಬೇಕು ಕೇಳು ಅಂದರು. ಅವನು ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ಬೇಟೆನಾಯಿ ಕೊಡಿ ಅಂದ. ಆಮೇಲೆ ಆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಬಡಿದಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದಕ್ಕೆ ಈ ಕಲ್ಲು ನೆಟ್ಟರು. ಪೂಜೆಗೆ ಅಂತ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಅಲ್ಲಿಯ ಪೂಜಾರಿ ಉಣ್ಣಬಾರದು ಅಂತ ಬರೆಸಿದರು.

ಒಂದು ನಾಯಿಗೆ ಇಷ್ಟು ಮರ್ಯಾದೆ ಕೊಟ್ಟ ಜನ ನಮ್ಮವರು. ನಾನು ಅವತ್ತು ರೂಮಿಗೆ ನಡೆದುಕೊಂಡೇ ಬಂದೆ. ದಾರಿ ತುಂಬ ಅದೇ ಯೋಚನೆ.

ಇದನ್ನು ಇಷ್ಟುದ್ದ ಬರೆದದ್ದು ಯಾಕೆಂದರೆ, ಆ ವರ್ಷ ಕೊಯ್ಲಿಗೆ ಊರಿಗೆ ಬಂದಾಗ ನಮ್ಮ ಕೆರೆ ದಂಡೆಯ ಕಲ್ಲು ನನಗೆ ಮೊದಲ ಸಲ ಕಂಡಿತು. ಚಿಕ್ಕಂದಿನಲ್ಲಿ ಅದಕ್ಕೆ ಬೆನ್ನು ಕೊಟ್ಟು ಕೂತು ಗಾಳ ಹಾಕುತ್ತಿದ್ದೆ. ನಿನ್ನ ಅಜ್ಜಿ ಅದರ ಮೇಲೆ ಬಟ್ಟೆ ಹರವುತ್ತಿದ್ದರು. ಹಾವಸೆ ಕೆರೆದು ನೋಡಿದರೆ ಮೂರು ಅಂತಸ್ತಿನ ವೀರಗಲ್ಲು. ಕೆಳಗೆ ದನ ಹೊಡೆದುಕೊಂಡು ಹೋಗುವವರ ಜೊತೆ ಒಬ್ಬ ಕತ್ತಿ ಹಿಡಿದು ಹೋರಾಡುತ್ತಿದ್ದಾನೆ. ನಡುವೆ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಶಿವಲಿಂಗದ ಎದುರು ಅವನೇ ಕೂತಿದ್ದಾನೆ. ನಮ್ಮೂರ ದನ ಉಳಿಸೋಕೆ ಸತ್ತವನು! ಬೆಂಗಳೂರಿಗೆ ಹೋಗದೆ ಇದ್ದಿದ್ದರೆ ಅವನನ್ನು ನಾನು ನೋಡುತ್ತಲೇ ಇರಲಿಲ್ಲ ಅಲ್ವಾ? ಮುಂದಿನ ಸಲ ನೀನು ಬಂದಾಗ ಇಬ್ಬರೂ ಹೋಗಿ ನೋಡೋಣ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಅಂಗಳದಲ್ಲೂ ಇಂಥ ಕಲ್ಲು ಸಾಲಾಗಿವೆ. ಕಾಲೇಜಿಗೆ ಹೋಗುವಾಗ ನೀನು ಮೂರು ವರ್ಷ ಅದೇ ಗೇಟಿನ ಮುಂದೆ ಓಡಾಡಿದವಳು.

ಅದಕ್ಕೆ ನನ್ನ ಮಾತು ಇಷ್ಟು. ಭಾನುವಾರಕ್ಕೆ ಒಂದೇ ಒಂದು ನೋಡು. ಒಂದೇ ದಿನ ಹತ್ತು ಕಡೆ ಸುತ್ತಿ ಬರಬೇಡ. ಮ್ಯೂಸಿಯಂಗೆ ಹೋದರೆ ಅಲ್ಲಿರುವುದನ್ನೆಲ್ಲ ನೋಡಬೇಕು ಅಂತಲೂ ಇಲ್ಲ. ಒಂದು ವಸ್ತುವಿನ ಎದುರು ಕಾಲು ಗಂಟೆ ನಿಲ್ಲು. ಮೊದಲು ಕಣ್ಣಲ್ಲಿ ನೋಡು, ಫೋನ್ ಆಮೇಲೆ ತೆಗಿ. ಅಲ್ಲಿರುವ ಕಾವಲುಗಾರರನ್ನೋ ಕೆಲಸದವರನ್ನೋ ಮಾತಾಡಿಸು. ಬೋರ್ಡಿನಲ್ಲಿ ಇಲ್ಲದ್ದು ಅವರ ಬಾಯಲ್ಲಿ ಇರುತ್ತದೆ.

ನಿನ್ನ ಪಿಜಿ ಬನಶಂಕರಿ ಹತ್ತಿರ. ಹಸಿರು ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿ ಕಬ್ಬನ್ ಪಾರ್ಕಿನಲ್ಲಿ ಇಳಿದರೆ ಅಲ್ಲಿಂದ ನಡೆಯುವಷ್ಟೇ ದೂರ. ಸೋಮವಾರ ಇಂಥ ಜಾಗಗಳಿಗೆ ಸಾಮಾನ್ಯವಾಗಿ ರಜೆ. ಹಳೇ ಕಟ್ಟಡ, ದುರಸ್ತಿಗೆ ಅಂತ ಬಾಗಿಲು ಹಾಕಿರಲೂಬಹುದು, ಮೊದಲೇ ವಿಚಾರಿಸಿಕೊಂಡು ಹೊರಡು. ಪಕ್ಕದಲ್ಲೇ ವೆಂಕಟಪ್ಪ ಚಿತ್ರಶಾಲೆ ಇದೆ, ಆಚೆ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ, ಅದೇ ರಸ್ತೆಯಲ್ಲಿ 2023ರಲ್ಲಿ ಕಲೆ ಮತ್ತು ಫೋಟೋಗಳ ಹೊಸ ಮ್ಯೂಸಿಯಂ ಬೇರೆ ಆಗಿದೆ. ಇವೆಲ್ಲ ಬೇರೆ ಬೇರೆ ಭಾನುವಾರಕ್ಕೆ ಇರಲಿ. ಆಸೆಗೆ ಬಿದ್ದು ಎಲ್ಲ ಒಟ್ಟಿಗೆ ನೋಡಿದರೆ ಸಂಜೆಗೆ ಕಾಲು ನೋವು ಬಿಟ್ಟು ಏನೂ ಉಳಿಯೋದಿಲ್ಲ.

ಈ ತಿಂಗಳ ಮಟ್ಟಿಗೆ ನೀನು ತಪ್ಪಿಸಬಾರದ್ದು ಒಂದಿದೆ, ಬಸವನಗುಡಿಯ ಕಡಲೆಕಾಯಿ ಪರಿಷೆ. ಕಾರ್ತಿಕದ ಕೊನೆಯ ಸೋಮವಾರ, ದೊಡ್ಡ ಬಸವಣ್ಣನ ಗುಡಿಯ ಮುಂದೆ. ಸೋಮವಾರ ನಿನಗೆ ಆಫೀಸು. ಹಿಂದಿನ ಭಾನುವಾರವೇ ಹೋಗು, ಅಂಗಡಿಗಳು ಆಗಲೇ ತುಂಬಿರುತ್ತವೆ. ಅಲ್ಲೆಲ್ಲ ಮೊದಲು ಕಡಲೆಕಾಯಿ ಹೊಲವಂತೆ. ಬಸವ ಬಂದು ಬೆಳೆ ಮೇಯುತ್ತಿದ್ದನಂತೆ. ರೈತರು ಮೊದಲ ಫಸಲು ನಿನಗೇ ಅಂತ ಹರಕೆ ಹೊತ್ತರಂತೆ. ಆ ಹೊಲ ಹೋಗಿ ಮನೆಗಳು ಬಂದು ಎಷ್ಟೋ ಕಾಲ ಆಯಿತು, ಹರಕೆ ಮಾತ್ರ ನಿಂತಿಲ್ಲ. ಮೊದಲು ಒಳಗೆ ಹೋಗಿ ಬಸವಣ್ಣನನ್ನು ನೋಡು, ಒಂದೇ ಬಂಡೆಯಲ್ಲಿ ಕಡೆದದ್ದು. ಆಮೇಲೆ ಹೊರಗೆ ಬಂದು ರಾಶಿಗಳ ಹತ್ತಿರ ಕೂತ ರೈತರನ್ನು ಮಾತಾಡಿಸು. ಮಾಗಡಿ, ಚಿಂತಾಮಣಿ ಕಡೆಯಿಂದೆಲ್ಲ ಬಂದಿರುತ್ತಾರೆ. ಈ ವರ್ಷ ಮಳೆ ಹೇಗಾಯಿತು ಅಂತ ಕೇಳಿದರೆ ಸಾಕು, ಕೈಗೆ ಒಂದು ಹಿಡಿ ಕಾಯಿ ಹಾಕಿ ಮಾತು ಶುರು ಮಾಡುತ್ತಾರೆ. ಬೆಳೆಯುವ ಮನೆಯಿಂದ ಬಂದವಳು ನೀನು, ನಿನಗೆ ಅವರ ಮಾತು ಅರ್ಥವಾಗುತ್ತದೆ. ಊರಿಗೆ ಬಂದ ಮೇಲೆ ಆ ಹೊತ್ತಿಗೆ ನಮ್ಮಲ್ಲಿ ಅಡಿಕೆ ಕೊಯ್ಲು ಇರುವುದರಿಂದ ನನಗೆ ಒಂದು ಸಲವೂ ಪರಿಷೆಗೆ ಹೋಗಲು ಆಗಲಿಲ್ಲ.

ಇನ್ನು ಕರಗ. ಚೈತ್ರದ ಹುಣ್ಣಿಮೆ ರಾತ್ರಿ. ಅದನ್ನೂ ಎರಡು ವರ್ಷ ನಾನು ನಿದ್ದೆಯಲ್ಲೇ ಕಳೆದೆ. ನಮ್ಮ ಸಾಗರದ ಮಾರಿಜಾತ್ರೆ ನೋಡಿದವನಿಗೆ ಇದೇನು ಹೊಸದು ಅಂತ. ಮೂರನೇ ವರ್ಷ ರೂಮಿನ ಗೆಳೆಯ ಕೈ ಹಿಡಿದು ಎಬ್ಬಿಸಿ ಕೆಳಗೆ ಕರೆದುಕೊಂಡು ಹೋದ. ಬೀದಿ ತುಂಬ ಜನ. ಮೊದಲು ಬಂದದ್ದು ಮಲ್ಲಿಗೆ ವಾಸನೆ. ಆಮೇಲೆ ಬಿಚ್ಚುಗತ್ತಿ ಹಿಡಿದ ವೀರಕುಮಾರರು. ಅವರ ನಡುವೆ ಸೀರೆ ಉಟ್ಟು ಬಳೆ ತೊಟ್ಟ ಪೂಜಾರಿ, ತಲೆಯ ಮೇಲೆ ಮಲ್ಲಿಗೆಯ ಗೋಪುರದ ಹಾಗೆ ಕರಗ. ಕೈ ಮುಟ್ಟುವುದಿಲ್ಲ, ಆದರೂ ಕರಗ ಅಲುಗುವುದಿಲ್ಲ. ಎರಡೂ ಕಡೆಯಿಂದ ಜನ ಹೂ ಎರಚುತ್ತಾ ಗೋವಿಂದಾ ಗೋವಿಂದಾ ಅನ್ನುತ್ತಿದ್ದರು. ತಿಗಳ ಸಮುದಾಯದವರು ದ್ರೌಪದಮ್ಮನ ಹೆಸರಿನಲ್ಲಿ ನಡೆಸಿಕೊಂಡು ಬಂದಿರುವ ಉತ್ಸವ ಅದು. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟು, ನಮ್ಮ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಬರುತ್ತದೆ. ಆ ದರ್ಗಾದ ಬಾಗಿಲಲ್ಲಿ ಕರಗ ಬಂದು ನಿಂತದ್ದನ್ನು ನಾನು ನನ್ನ ಕಣ್ಣಾರೆ ನೋಡಿದೆ. ಪುಟ್ಟಿ, ಆ ಹೊತ್ತು ಆ ಬೀದಿಯಲ್ಲಿ ನಾನು ಹೊರಗಿನವನು ಅಂತ ಅನ್ನಿಸಲೇ ಇಲ್ಲ. ಅವತ್ತಿನಿಂದಲೇ ಬೆಂಗಳೂರು ನನ್ನ ಊರೂ ಆಯಿತು.

ಒಬ್ಬಳೇ ಮಾತ್ರ ಹೋಗಬೇಡ. ಆಫೀಸಿನ ಗೆಳತಿಯರಲ್ಲಿ ಪೇಟೆ ಕಡೆಯವರು ಯಾರಾದರೂ ಇರುತ್ತಾರೆ. ಅವರ ಮನೆಯಲ್ಲಿ ಉಳಿದುಕೊಂಡು ನೋಡು. ನೂಕುನುಗ್ಗಲು ಜಾಸ್ತಿ, ಚೈನು ಪಿಜಿಯಲ್ಲೇ ಇಟ್ಟು ಹೋಗು.

ನಾಟಕದ ವಿಷಯ ನಿನಗೆ ನಾನು ಹೇಳಬೇಕಾದ್ದು ಕಡಿಮೆ. ಹೆಗ್ಗೋಡಿನ ನೀನಾಸಂ ರಂಗಮಂದಿರದ ಬೆಂಚಿನ ಮೇಲೆ ನನ್ನ ತೊಡೆಗೆ ಒರಗಿ ತಿರುಗಾಟದ ನಾಟಕ ನೋಡುತ್ತಾ ಬೆಳೆದವಳು ನೀನು. ಹಾಗಿದ್ದೂ ಬೆಂಗಳೂರಿಗೆ ಹೋಗಿ ಒಂದೂವರೆ ವರ್ಷದಲ್ಲಿ ಒಂದು ನಾಟಕವನ್ನೂ ನೋಡಿಲ್ಲ ಅಂದೆಯಲ್ಲ, ಅದೇ ನನಗೆ ಜಾಸ್ತಿ ಬೇಜಾರಾದದ್ದು. ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಮತ್ತು ಗೆಳೆಯರು ಕಟ್ಟಿಸಿದ ರಂಗಶಂಕರ ನಿನ್ನ ಪಿಜಿಗೆ ಹತ್ತಿರ, ಜೆ.ಪಿ. ನಗರದಲ್ಲೇ. 2004ರಲ್ಲಿ ಶುರುವಾದದ್ದು. ಸೋಮವಾರ ಬಿಟ್ಟರೆ ಹೆಚ್ಚುಕಡಿಮೆ ದಿನಾ ನಾಟಕ ಇರುತ್ತದೆ. ಒಂದು ವಿಷಯ ನೆನಪಿಟ್ಟುಕೋ ಮಾರಾಯ್ತಿ. ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಟ್ರಾಫಿಕ್ ಇತ್ತು ಅಂದರೂ ಬಿಡುವುದಿಲ್ಲ. ಹಾಗಿರುವುದೇ ಸರಿ. ನಟರು ಎರಡು ತಿಂಗಳು ಬೆವರು ಸುರಿಸಿ ಕಟ್ಟಿದ್ದನ್ನು ನೋಡಲು ಹೋಗುವವರು ಹತ್ತು ನಿಮಿಷ ಮೊದಲು ಹೊರಡಬೇಕು. ಅಲ್ಲೇ ಸಣ್ಣ ಕೆಫೆ ಇದೆ, ಪುಸ್ತಕದಂಗಡಿ ಇದೆ, ಒಂದು ಗಂಟೆ ಮುಂಚೆಯೇ ಹೋಗಿ ಕೂರು. ನಿನಗೆ ಗೊತ್ತಿಲ್ಲದ ಭಾಷೆಯ ನಾಟಕ ಇದ್ದರೆ ಅದನ್ನೂ ಬಿಡಬೇಡ. ಮಾತು ತಿಳಿಯದಿದ್ದಾಗ ನಟನ ಮೈಯನ್ನು ನೋಡುತ್ತೀಯ, ಬೆಳಕನ್ನು ನೋಡುತ್ತೀಯ.

ರವೀಂದ್ರ ಕಲಾಕ್ಷೇತ್ರವನ್ನೂ ಮರೆಯಬೇಡ. 1963ರಿಂದ ಇದೆ. ಮಳೆಗಾಲದಲ್ಲಿ ನಮ್ಮ ಕಡೆಯ ಮೇಳಗಳು ತಿರುಗಾಟ ಮುಗಿಸಿ ಅಲ್ಲಿಗೇ ಬಂದು ಯಕ್ಷಗಾನ ಆಡುತ್ತವೆ. ಅಲ್ಲಿ ಚೆಂಡೆ ಕೇಳಿದ ದಿನ ನಿನಗೆ ಮನೆಯ ನೆನಪಾಗಿ ಅಳು ಬಂದರೆ ಬರಲಿ.

ಉಳಿದವನ್ನು ಸುಮ್ಮನೆ ಹೆಸರಿಸುತ್ತೇನೆ. ಜನವರಿಯ ಚಿತ್ರಸಂತೆ, ಚಿತ್ರಕಲಾ ಪರಿಷತ್ತಿನ ಮುಂದೆ ರಸ್ತೆಯಲ್ಲೇ ಚಿತ್ರ ಇಟ್ಟು ಮಾರುತ್ತಾರೆ. ನೂರು ರೂಪಾಯಿಯದ್ದೂ ಸಿಗುತ್ತದೆ, ಒಂದು ತಗೋ, ರೂಮಿನ ಗೋಡೆಗೆ ಹಾಕು. ಲಾಲ್‌ಬಾಗಿಗೆ ಫಲಪುಷ್ಪ ಪ್ರದರ್ಶನದ ಗದ್ದಲದಲ್ಲಿ ಬೇಡ, ಬೆಳಿಗ್ಗೆ ಹೋಗಿ ಬಂಡೆಯ ಮೇಲೆ ಕೂತುಕೋ. ಆ ಬಂಡೆಗೆ ಮುನ್ನೂರು ಕೋಟಿ ವರ್ಷ ವಯಸ್ಸು. ರಾಮನವಮಿಯ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಸಂಗೀತ, 1939ರಿಂದ ನಡೆಯುತ್ತಿದೆ. ನಾನು ಟಿಕೆಟಿಗೆ ದುಡ್ಡಿಲ್ಲದೆ ಹೊರಗಿನ ಫುಟ್‌ಪಾತಿನಲ್ಲಿ ನಿಂತು ಕೇಳಿದ್ದೇನೆ. ನೀನು ಒಳಗೆ ಕೂತು ಕೇಳು. ಸಂಬಳ ಬಂದ ದಿನವೇ ಇದಕ್ಕೆ ಅಂತ ಐನೂರು ರೂಪಾಯಿ ಬೇರೆ ಇಟ್ಟುಬಿಡು.

ಯಾರೂ ಜೊತೆಗೆ ಬರಲಿಲ್ಲ ಅಂತ ಹಗಲು ಹೊತ್ತಿನ ಒಂದು ಭಾನುವಾರವನ್ನೂ ಬಿಡಬೇಡ. ಮ್ಯೂಸಿಯಂಗಂತೂ ಒಬ್ಬಳೇ ಹೋಗುವುದು ಒಳ್ಳೆಯದು, ಬೇಗ ಬಾ ಅಂತ ಎಳೆಯುವವರು ಇರುವುದಿಲ್ಲ.

ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ. ಬರುವ ವಾರ ತಾಳಗುಪ್ಪ ರೈಲಿಗೆ ಹೊರಡುವವರ ಕೈಲಿ ಕಳಿಸುತ್ತೇನೆ. ಪರಿಷೆಯಿಂದ ಎರಡು ಸೇರು ಹಸಿ ಕಡಲೆಕಾಯಿ ತೆಗೆದಿಡು, ಊರಿಗೆ ಬರುವಾಗ ತಗೊಂಡು ಬಾ. ಕಾಳಿಯ ಕಲ್ಲಿನ ಎದುರು ನಿಂತ ದಿನ ಅಲ್ಲಿಂದಲೇ ಒಂದು ಫೋನ್ ಮಾಡು. ತೋಟದಲ್ಲಿದ್ದರೂ ಎತ್ತುತ್ತೇನೆ. ಮೊದಲ ಸಾಲಿನಲ್ಲಿ ನಿನಗೆ ಎಷ್ಟು ಅಕ್ಷರ ಗುರುತು ಸಿಕ್ಕವು, ಹೇಳು.

ನಿನ್ನ
ದೊಡ್ಡಪ್ಪ